ಮೂತಿ ಲಾರಿಯ ಪಾಸಿಂಗ್

ಸವಣೂರು
12 ಜೂನ್ 2024

ಸುಶೀಲವ್ವಾರಿಗೆ ಸುಮಯ್ಯಳ ಸಲಾಂ.

ಫೋನು ಹಚ್ಚಿ ಹಚ್ಚಿ ಸಾಕಾಗಿ ಕಾಗದ ಹಿಡಿದಿದ್ದೇನೆ. ನಾನು ಕೂಗಿದ್ದು ನಮ್ಮ ಓಣಿಗೆಲ್ಲ ಕೇಳಿಸಿತು, ನಿಮ್ಮ ಕಿವಿಗೆ ಮಾತ್ರ ಬೀಳಲಿಲ್ಲ. "ನಾನೂ ಆರಾಮ ಅದೇನಿ" ಎಂದು ನೀವು ಇಟ್ಟೇಬಿಟ್ಟಿರಿ. ಇನ್ನು ಮೇಲೆ ಬರೆದೇ ತಿಳಿಸುತ್ತೇನೆ.

ನಿಮ್ಮ ಲಾರಿ ದುಂಡಸಿಯಿಂದ ಸವಣೂರಿಗೆ ಬಂತು. ಬೇವಿನ ಗಿಡದ ಕೆಳಗೆ ನಿಂತು ನಿಂತು ಗಾಲಿಗಳು ಮಣ್ಣಿನಲ್ಲಿ ಹೂತಿದ್ದವು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿದೆ. ಊರ ಮಂದಿ ಹೆಣ ಎತ್ತುವುದನ್ನು ನೋಡಿದ ಹಾಗೆ ನೋಡುತ್ತಾ ನಿಂತಿದ್ದರು. ಒಬ್ಬರಂತೂ "ಇದನ್ನ ಗುಜರಿಗೆ ಹಾಕೂದು ಬಿಟ್ಟು ಎಲ್ಲಿಗೆ ಒಯ್ಯಾಕತ್ತೀಯವಾ?" ಎಂದು ಕೇಳಿದರು. "ಪಾಸಿಂಗಿಗೆ" ಎಂದೆ. ನಕ್ಕರು. ನಗಲಿ.

ಎಂಜಿನ್ ಬಿಚ್ಚಿ, ತೊಳೆದು, ಹೊಸ ರಿಂಗು ಹಾಕಿಸಿದೆ. ನಿನ್ನೆ ಮಧ್ಯಾಹ್ನ ಚಾಲೂ ಆಯಿತು. ಮೊದಲು ಕೆಮ್ಮಿತು, ಕರಿ ಹೊಗೆ ಬಿಟ್ಟಿತು, ಆಮೇಲೆ ನಿಂತ ಜಾಗದಲ್ಲೇ ಅಂಗಳ ನಡುಗಿಸಿತು. ನನಗೆ ಅಳು ಬಂತು. ಅಬ್ಬಾ ಇದ್ದಿದ್ದರೆ "ಅಳಬ್ಯಾಡ, ಆಯಿಲ್ ನೋಡು" ಎನ್ನುತ್ತಿದ್ದರು. ಈ ಲಾರಿಗೆ ಮೊದಲ ಬಾಡಿ ಕಟ್ಟಿದ್ದೇ ಅವರು. ಅಲ್ಲಾಭಕ್ಷನ ಬಾಡಿ ಎಂದರೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಗೊತ್ತಿತ್ತು. ಅವರು ಹೋದ ಮೇಲೆ ನಮ್ಮ ಅಂಗಡಿಗೆ ಬರುವುದು ಮುರಿದ ಟ್ರೇಲರು ಮತ್ತು ಕಿಟಕಿಯ ಸರಳು ಮಾತ್ರ. ಅಂಗಡಿಯಲ್ಲಿ ಜೊತೆಗಿರುವ ಅನೀಸ ಚಾಚಾ ಹೇಳುತ್ತಾರೆ, "ಹೆಂಗಸು ಕಟ್ಟಿದ ಬಾಡಿಗೆ ಯಾರು ಮಾಲ್ ಹೇರ್ತಾರ ಬೇಟಿ?" ಅದಕ್ಕೇ ಇದನ್ನು ಕಟ್ಟುತ್ತಿದ್ದೇನೆ. ಕಟ್ಟಿ, ಆರ್‌ಟಿಓದಲ್ಲಿ ಪಾಸಿಂಗ್ ಮಾಡಿಸಿ ಸರ್ಕಾರದ ಠಸ್ಸೆ ಒತ್ತಿಸಿ, ವೀಳ್ಯದೆಲೆ ಹೇರಿ, ನಾನೇ ಓಡಿಸುತ್ತೇನೆ. ದೊಡ್ಡ ಗಾಡಿಯ ಲೈಸೆನ್ಸು ಹೋದ ವರ್ಷವೇ ಆಗಿದೆ, ಚಾಚಾಗೆ ಇನ್ನೂ ನಂಬಿಕೆ ಬಂದಿಲ್ಲ.

ನಮ್ಮ ಮಾತು ನೆನಪಿದೆಯಲ್ಲ? ಲಾರಿ ನಿಮ್ಮದು, ಕೆಲಸ ನನ್ನದು, ದುಡಿಮೆ ಇಬ್ಬರದು. ನಿಮ್ಮ ಯಜಮಾನರು ಕುಬೇರಪ್ಪ ಕಾಕಾರ ನಂತರ ಆರ್‌ಸಿ ನಿಮ್ಮ ಹೆಸರಿಗೆ ಆಗಿರುವುದರಿಂದ ಕಾಗದದ ತಕರಾರಿಲ್ಲ. ಉಳಿದದ್ದು ನನಗೆ ಬಿಡಿ.

ನಿಮ್ಮ
ಸುಮಯ್ಯ


ಇಚಲಕರಂಜಿ
23 ಜೂನ್ 2024

ಚಿರಂಜೀವಿ ಸುಮಯ್ಯಾಗೆ ಸುಶೀಲವ್ವನ ಆಶೀರ್ವಾದ.

ಕ್ಷೇಮದ ಸುದ್ದಿ ಕೊನೆಗೆ ಬರೆಯುತ್ತೇನೆ, ಜಾಗ ಉಳಿದರೆ.

ಕಾಗದ ಬರೆದದ್ದು ಒಳ್ಳೆಯದಾಯಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಅದರ ಉಪಯೋಗ ಈಗ ಆಗುತ್ತಿದೆ. ಈ ಊರಲ್ಲಿ ಮನೆಮನೆಗೂ ಮಗ್ಗದ ಸದ್ದು, ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಕಿವುಡಿಗೆ ಇದಕ್ಕಿಂತ ಒಳ್ಳೆಯ ಊರು ಸಿಗದು. ಮಗಳು ನೀಲಾಂಬಿಕಾ ಕಿವಿಗೆ ಮಷೀನು ತಂದುಕೊಟ್ಟಿದ್ದಾಳೆ. ಅದು ಕುಯ್ಯೋ ಎನ್ನುತ್ತದೆ, ತೆಗೆದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಹೋದ ವಾರ ಶರಣು ಬಂದಿದ್ದ. ನನ್ನ ಮೈದುನನ ಮಗ, ನಿನಗೆ ಗೊತ್ತಿರುವವನೇ. ಉಂಡು, ಕೈ ಒರೆಸಿಕೊಂಡು, ಸ್ಲೇಟಿನ ಮೇಲೆ ಬರೆದು ತೋರಿಸಿದ: "ದೊಡ್ಡವ್ವ, ಆ ಲಾರಿ ಕೊಯ್ಸಿ ಗುಜರಿಗೆ ಹಾಕೂಣು. ಊರಾಗ ಮಂದಿ ನಗಾಕತ್ತಾರ." ಇಷ್ಟು ದಿನ ಬೇವಿನ ಗಿಡದ ಕೆಳಗೆ ಇದ್ದಾಗ ಯಾರೂ ನಗಲಿಲ್ಲ, ನೀನು ಎಬ್ಬಿಸಿದ ಮೇಲೆ ನಗೆ ಬಂತು ನೋಡು. ನೀಲಾನೂ ಅವನ ಕಡೆಗೇ. ಇಬ್ಬರೂ ಸೇರಿ ತಲೆ ತಿಂದರು. ಕೊನೆಗೆ ನಾನು ಎಂದೆ: "ಬನ್ನಿ ಹಬ್ಬದೊಳಗ ಅದು ಪಾಸಿಂಗ ಆಗಲಿಲ್ಲಂದ್ರ ನೀ ಒಯ್ಯಿ, ಕೊಯ್ಸು, ಏನರ ಮಾಡು. ಪಾಸಿಂಗ ಆತಂದ್ರ ಮತ್ತ ಅದರ ಹೆಸರೆತ್ತಬ್ಯಾಡ." ಅವನು ಖುಷಿಯಿಂದ ಹೋದ. ಆಗುವುದಿಲ್ಲ ಎಂದೇ ತಿಳಿದಿದ್ದಾನೆ. ಸುಮಯ್ಯಾ, ನಾನು ಮಾತು ಕೊಟ್ಟವಳು. ಹಬ್ಬದೊಳಗೆ ಮುಗಿಸು.

ಬಣ್ಣ ನಿನ್ನ ಇಷ್ಟ. ಗುಲಾಬಿ ಮಾತ್ರ ಬೇಡ. ಮೂತಿ ಇದ್ದ ಹಾಗೇ ಇರಲಿ. ಈಗಿನ ಲಾರಿಗಳ ಮುಖ ಗೋಡೆಗೆ ಬಡಿದುಕೊಂಡ ಹಾಗೆ ಚಪ್ಪಟೆ, ನನಗೆ ಸೇರುವುದಿಲ್ಲ. ಇನ್ನೊಂದು ಮಾತು. ಮೂತಿಯ ಕೆಳಗೆ, ಬಲಗಡೆ, ಚಾಸಿಯ ತೊಲೆ ಮುಂದಕ್ಕೆ ಚಾಚಿದೆಯಲ್ಲ, ಅಲ್ಲಿ ನಾನು ಅಮವಾಸ್ಯೆಗೊಮ್ಮೆ ಕಾಯಿ ಒಡೆದು ಎಣ್ಣೆ, ಕುಂಕುಮ ಹಚ್ಚುತ್ತಿದ್ದೆ. ಆ ಜಾಗಕ್ಕೆ ಕೈ ಹಚ್ಚಬೇಡ.

ಜಾಗ ಉಳಿಯಲಿಲ್ಲ. ಕ್ಷೇಮ.

ಸುಶೀಲವ್ವ


ಸವಣೂರು
4 ಆಗಸ್ಟ್ 2024

ಸುಶೀಲವ್ವಾರಿಗೆ ಸಲಾಂ.

ತಡವಾಯಿತು, ಬೈಯಬೇಡಿ. ಕೈಗೆ ಪೆನ್ನು ಹಿಡಿಯಲು ಬಿಡುವಿಲ್ಲ. ವೆಲ್ಡಿಂಗಿನ ಕಿಡಿ ಬಿದ್ದು ಬೆರಳು ತೂತಾಗಿವೆ, ಅಕ್ಷರ ಸೊಟ್ಟ ಇದ್ದರೆ ಅದಕ್ಕೇ.

ಬಾಡಿ ನಿಂತಿದೆ! ಹಾನಗಲ್ಲಿನ ಕಟ್ಟಿಗೆ ಅಡ್ಡೆಯಿಂದ ಮತ್ತಿ ಹಲಗೆ ತಂದೆ. ಹಳೆಯ ಹಾಗೆ ಮುಚ್ಚಿದ ಪೆಟ್ಟಿಗೆ ಮಾಡಿಲ್ಲ. ವೀಳ್ಯದೆಲೆ ಬಸ್ಸಿನ ತಲೆಯ ಮೇಲೆ ಹೋದರೆ ಬಿಸಿಲಿಗೆ ಬಾಡುತ್ತದೆ, ಟೆಂಪೋದೊಳಗೆ ಹೋದರೆ ಕಾವಿಗೆ ಕಪ್ಪಾಗುತ್ತದೆ. ಅದಕ್ಕೆ ಹಲಗೆಗಳ ನಡುವೆ ಸಂದು ಬಿಟ್ಟು, ಒಳಗೆ ಬುಟ್ಟಿ ಇಡಲು ಅಟ್ಟ ಕಟ್ಟಿದ್ದೇನೆ. ಸಂದಿಗೆ ಒದ್ದೆ ಗೋಣಿತಟ್ಟು ಇಳಿಬಿಡುವುದು. ಗಾಡಿ ಓಡಿದಷ್ಟೂ ಒಳಗೆ ತಂಪು. ಎಲೆ ತೋಟದ ಗಿರಿಯಪ್ಪ ಬಂದು ಒಳಗೆ ಹತ್ತಿ, ಅಟ್ಟದ ಮೇಲೆ ತಾನೇ ಮಲಗಿ ನೋಡಿದರು. ಇಳಿದು ಬಂದು, "ಪಾಸಿಂಗ ಆದ ಮರುದಿನ ನನ್ನ ಎಲಿ ಹೇರು" ಎಂದರು. ಚಾಚಾನ ಮುಖ ನೋಡಬೇಕಿತ್ತು ನೀವು.

ಮೂತಿ ಇದ್ದ ಹಾಗೇ ಇದೆ. ಬಣ್ಣ ಹಸಿರು, ಅಂಚಿಗೆ ಹಳದಿ. ಎಡಬಲದ ದೀಪ, ಹಿಂದಿನ ಅಡ್ಡಪಟ್ಟಿ, ಹೊಳೆಯುವ ಕೆಂಪು ಬಿಳಿ ಸ್ಟಿಕ್ಕರು, ಸೀಟಿನ ಬೆಲ್ಟು, ಕಾನೂನು ಏನೇನು ಕೇಳುತ್ತದೆಯೋ ಎಲ್ಲ ಹಾಕಿದ್ದೇನೆ. ಮುದುಕಿಗೆ ಬೆಳ್ಳಿ ಡಾಬು ತೊಡಿಸಿದ ಹಾಗಿದೆ, ಆದರೆ ಒಪ್ಪುತ್ತದೆ.

ಶಿಗ್ಗಾಂವಿಯ ಕಡೆಯ ಹೆದ್ದಾರಿ ಹೋಟೆಲಿನವನೊಬ್ಬ ಕಾರಿನಲ್ಲಿ ಬಂದಿದ್ದ. ಲಾರಿಯ ಸುತ್ತ ಸುತ್ತಿ ಫೋಟೋ ಹೊಡೆದುಕೊಂಡ. "ಇದು ವಿಂಟೇಜ್ ಐತ್ರಿ, ಇದನ್ನ ಓಡಸ್ತೀರಾ? ನಮ್ಮ ಹೋಟೆಲ್ ಮುಂದ ನಿಲ್ಲಿಸಿ ಲೈಟ್ ಹಾಕೂಣು, ಮಂದಿ ಸೆಲ್ಫಿ ತಗೋತಾರ" ಎಂದ. ನಾನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಡದೆಯೇ ಅವನಿಗೆ ದಾರಿ ತೋರಿಸಿದೆ.

ಮುಂದಿನ ವಾರ ಪಾಸಿಂಗಿಗೆ ಒಯ್ಯುತ್ತೇನೆ. ದುವಾ ಮಾಡಿ.

ಸುಮಯ್ಯ


ಇಚಲಕರಂಜಿ
18 ಆಗಸ್ಟ್ 2024

ಸುಮಯ್ಯಾ,

ಸುತ್ತಿಗೆ ಕೆಳಗಿಡದೆ ಬಹಳ ಒಳ್ಳೆಯದು ಮಾಡಿದೆ. ನಿಂತು ತೋರಿಸಿಕೊಳ್ಳುವ ಜಾತಿಯ ಲಾರಿ ಅಲ್ಲ ಅದು. ಮಕ್ಕಳ ಮದುವೆ, ಮನೆಯ ಜಂತಿ, ಎಲ್ಲ ಅದರ ಬೆನ್ನ ಮೇಲೆ ಬಂದದ್ದು. ದೀಪದ ಸರ ಹಾಕಿ ಕೂಡಿಸಿದರೆ ಅದಕ್ಕೂ ಅವಮಾನ, ನನಗೂ ಅವಮಾನ.

ಪಾಸಿಂಗಿನದು ಏನಾಯಿತು? ನೀಲಾಗೆ ಕೇಳಿದರೆ "ಕಾಗದ ಬರ್ತೈತಿ ತಡಿ" ಎಂದು ಕೈ ಆಡಿಸುತ್ತಾಳೆ. ಪೋಸ್ಟಿನವನ ಸೈಕಲ್ಲು ನನಗೆ ಕೇಳಿಸುವುದಿಲ್ಲವೆಂದು ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಬೇಗ ಬರೆ.

ಸುಶೀಲವ್ವ


ಸವಣೂರು
7 ಸೆಪ್ಟೆಂಬರ್ 2024

ಅವ್ವಾರಿಗೆ ಸಲಾಂ.

ಗಾಡಿ ಚೆನ್ನಾಗಿದೆ. ಒಂದು ಸಣ್ಣ ಕೆಲಸ ಉಳಿದಿದೆ. ಮುಗಿದ ಕೂಡಲೇ ತಿಳಿಸುತ್ತೇನೆ. ಮಳೆ ಜೋರಿದೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಸುಮಯ್ಯ


ಇಚಲಕರಂಜಿ
14 ಸೆಪ್ಟೆಂಬರ್ 2024

ಸುಮಯ್ಯಾ,

ಇದು ಕಾಗದವೋ, ಅಂಗಡಿಯ ಬೋರ್ಡೋ? ಮಳೆ ಜೋರಿದೆ ಎಂದು ತಿಳಿಯಲು ನಾನು ಬಾಗಿಲಿಗೆ ಕುರ್ಚಿ ಹಾಕಿ ಕೂತಿದ್ದೆನೆ?

ಶರಣು ಮತ್ತೆ ಬಂದಿದ್ದ. ನಿನ್ನ ಅಂಗಡಿಯ ಮುಂದೆ ಹೋಟೆಲಿನವನ ಕಾರು ಮತ್ತೆ ನಿಂತಿತ್ತಂತೆ. ಲಾರಿಗೆ ತಾಡಪಾಲು ಹೊದಿಸಿ ಇಟ್ಟಿದ್ದೀಯಂತೆ. ಅವನು ಸ್ಲೇಟಿನ ಮೇಲೆ ಬರೆದದ್ದನ್ನು ನಾನು ನಂಬಲಿಲ್ಲ, ಅವನ ಮುಂದೆ ನಂಬದ ಹಾಗೆ ಮಾಡಿದೆ. ಅವನು ಹೋದ ಮೇಲೆ ನಿನ್ನ ನಾಕು ಸಾಲಿನ ಕಾಗದ ತೆಗೆದು ಓದಿದೆ. ಸುಮಯ್ಯಾ, ಲಾರಿಯನ್ನು ಹೋಟೆಲಿನವನಿಗೆ ಕೊಡಲು ಮನಸ್ಸು ಮಾಡಿದ್ದರೆ ನೇರ ಹೇಳು. ನಿನ್ನ ಅಪ್ಪ ಒಂದು ಬೋಲ್ಟು ಕಡಿಮೆ ಹಾಕಿದರೂ ಮನೆಗೆ ಬಂದು ಹೇಳಿ ಹೋಗುತ್ತಿದ್ದ. ನೀನು ಮುಚ್ಚಿಟ್ಟು ಮಾತಾಡುವುದನ್ನು ಯಾರಿಂದ ಕಲಿತೆ?

ಈ ಮನೆಯಲ್ಲಿ ನನಗೆ ಕೇಳಿಸುವುದಿಲ್ಲ ಎಂದು ಎಲ್ಲರೂ ನನ್ನ ಮುಂದೆಯೇ ನನ್ನ ವಿಷಯ ಮಾತಾಡುತ್ತಾರೆ. ನೀನೂ ಹಾಗೇ ಮಾಡಬೇಡ.

ಸುಶೀಲವ್ವ


ಸವಣೂರು
20 ಸೆಪ್ಟೆಂಬರ್ 2024

ಅವ್ವಾರ,

ನಿಮ್ಮ ಕಾಗದ ಓದಿ ಸಿಟ್ಟು ನೆತ್ತಿಗೇರಿತು. ಹೋಟೆಲಿನವನು ಮತ್ತೆ ಬಂದದ್ದು ನಿಜ, ಕರೆದವರು ಅನೀಸ ಚಾಚಾ. ಇಬ್ಬರನ್ನೂ ಒಟ್ಟಿಗೆ ಹೊರಗೆ ಹಾಕಿದೆ. ತಾಡಪಾಲು ಹೊದಿಸಿದ್ದು ಮಳೆಗೆ. ಈಗ ನಡೆದದ್ದನ್ನು ಪೂರ್ತಿ ಓದಿ, ಆಮೇಲೆ ಬೈಯಿರಿ.

ಆಗಸ್ಟಿನಲ್ಲೇ ಪಾಸಿಂಗಿಗೆ ಒಯ್ದೆ. ಇನ್ಸ್‌ಪೆಕ್ಟರು ಬ್ರೇಕು ನೋಡಿದರು, ದೀಪ ನೋಡಿದರು, ಬಾಡಿಯನ್ನು ಟೇಪು ಹಿಡಿದು ಅಳೆದರು. ಒಂದು ಕಡೆಯೂ ತಪ್ಪು ಸಿಗಲಿಲ್ಲ. "ಬಾಡಿ ಯಾರು ಕಟ್ಟಿದ್ದು?" ಎಂದು ಕೇಳಿದರು. "ನಾನ" ಎಂದೆ. ಇನ್ನೊಂದು ಸುತ್ತು ಅಳೆದರು! ಆಮೇಲೆ ಕಾಗದ, ಪೆನ್ಸಿಲು ತೆಗೆದು, "ಚಾಸಿ ನಂಬರಿನ ಅಚ್ಚು ಕೊಡ್ರಿ" ಎಂದರು. ಚಾಸಿಯ ಮೇಲೆ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲು ತಿಕ್ಕಿ ಅಚ್ಚು ತೆಗೆಯಬೇಕು. ಅದು ಆರ್‌ಸಿಯ ನಂಬರಿಗೆ ಹೊಂದಿದರೆ ಮಾತ್ರ ಗಾಡಿ ಅದೇ ಗಾಡಿ ಎಂದು ಲೆಕ್ಕ.

ನಂಬರು ಎಲ್ಲಿದೆ ಗೊತ್ತೇ? ಮೂತಿಯ ಕೆಳಗೆ, ಬಲಗಡೆ, ತೊಲೆಯ ತುದಿಯಲ್ಲಿ. ನೀವು ಕಾಯಿ ಒಡೆಯುತ್ತಿದ್ದ ಜಾಗದಲ್ಲಿ.

ಅಲ್ಲಿ ಎಣ್ಣೆ, ಕುಂಕುಮ, ಧೂಳು ಕೂಡಿ ಬೆರಳು ದಪ್ಪದ ಹಕ್ಕಳೆ ಕಟ್ಟಿದೆ. ಇನ್ಸ್‌ಪೆಕ್ಟರು "ಅದನ್ನ ಕೆರದು ತಗೀರಿ, ಎರಡು ನಿಮಿಷದ ಕೆಲಸ" ಎಂದರು. ನಾನು ಕೆರೆಯುವುದಿಲ್ಲ ಎಂದೆ. "ಯಾಕ?" "ಅದು ಸುಶೀಲವ್ವಾರ ಪೂಜಿ ಜಾಗಾ ಐತ್ರಿ. ಕೈ ಹಚ್ಚಬ್ಯಾಡ ಅಂದಾರ." ಅವರಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. "ಹಂಗಿದ್ರ ಇದನ್ನ ಪೂಜಿಗೇ ಇಟ್ಕೋರ್ರಿ. ನಂಬರ್ ಇಲ್ಲದ ಗಾಡಿಗೆ ನಾ ಸಹಿ ಹಾಕಂಗಿಲ್ಲ" ಎಂದು ಕಾಗದ ತಿರುಗಿಸಿ ಕೊಟ್ಟರು. ಅವರದು ತಪ್ಪಲ್ಲ.

ಮನೆಗೆ ಬಂದು ಉಳಿ ಹಿಡಿದುಕೊಂಡು ಮೂತಿಯ ಮುಂದೆ ಕೂತೆ. ಅನೀಸ ಚಾಚಾ ಓಡಿ ಬಂದು ಕೈ ಹಿಡಿದರು. "ಬ್ಯಾಡ ಬೇಟಿ. ನಮ್ಮ ಹುಡುಗಿ ಕುಂಕುಮ ಕೆರೆಯೂದನ್ನ ಯಾರರ ವಿಡಿಯೋ ಮಾಡಿದ್ರ ನಾಳಿ ಅಂಗಡಿ ಬಾಗಿಲಾ ಹಾಕಬೇಕಾಗ್ತೈತಿ." ಆ ಹೆದರಿಕೆಗೆ ನಾನು ಸೊಪ್ಪು ಹಾಕುವವಳಲ್ಲ. ನನ್ನ ಕೈ ನಿಂತದ್ದು ನಿಮ್ಮ ಮಾತಿಗೆ. ನಿಮಗೆ ಬರೆದರೆ ನೀವು "ಕೆರೆ" ಎಂದು ಬರೆಯುತ್ತೀರಿ, ಒಳಗೊಳಗೇ ನೋಯುತ್ತೀರಿ. "ಬೇಡ" ಎಂದು ಬರೆದರೆ ಲಾರಿ ಶರಣುವಿನ ಪಾಲು. ಎರಡೂ ನನಗೆ ಬೇಡವಾಗಿತ್ತು. ನಂಬರು ಇನ್ನೆಲ್ಲಾದರೂ ಇದೆಯೇನೋ ಎಂದು ಲಾರಿಯ ಹೊಟ್ಟೆಯ ಕೆಳಗೆ ದಿನವೂ ಮಲಗಿ ಹುಡುಕಿದೆ. ಇಲ್ಲ. ಮುಚ್ಚಿಟ್ಟಿದ್ದು ಇಷ್ಟೇ. ಮಾರಲು ಹೊರಟವಳು ಬೆನ್ನು ನೆಲಕ್ಕೆ ಹಚ್ಚಿ ನಂಬರು ಹುಡುಕುತ್ತಾಳೆಯೇ ಅವ್ವಾರ?

ಈಗ ನೀವು ಹೇಳಿ.

ಸುಮಯ್ಯ


ಇಚಲಕರಂಜಿ
25 ಸೆಪ್ಟೆಂಬರ್ 2024

ಸುಮಯ್ಯಾ, ಹುಚ್ಚಿ,

ಕೆರೆ.

ಕೈ ಹಚ್ಚಬೇಡ ಎಂದು ನಾನು ಬರೆದದ್ದು, ಬಣ್ಣದವನು ಅದರ ಮೇಲೆ ಹಸಿರು ಬಳಿದಾನು ಎಂದು. ಲಾರಿಯ ಪ್ರಾಣ ಅಲ್ಲಿ ಸಿಕ್ಕಿಕೊಂಡಿದೆ ಎಂದು ನನಗೇನು ಗೊತ್ತು? ನಿನ್ನನ್ನು ಕಳ್ಳಿ ಎಂದುಕೊಂಡೆ. ಅದಕ್ಕೆ ನನ್ನ ಮೇಲೆಯೇ ನನಗೆ ಸಿಟ್ಟು ಬಂದಿದೆ, ಈಗ ಅದನ್ನು ನಿನ್ನ ಮೇಲೆ ತೀರಿಸುತ್ತೇನೆ. ಇಷ್ಟು ದಿನ ಸುಮ್ಮನೆ ಹೊಟ್ಟೆಯ ಕೆಳಗೆ ಮಲಗಿದ್ದೆಯಲ್ಲ, ಒಂದು ಕಾರ್ಡು ಬರೆಯಲು ಏನು ದಾಡಿಯಾಗಿತ್ತು?

ಆ ಜಾಗದ ಸುದ್ದಿ ಹೇಳುತ್ತೇನೆ. ನೀನು ಅದನ್ನು ದೇವರ ಗುಡಿ ಎಂದು ತಿಳಿದಿದ್ದೀಯ. ಲಾರಿ ಹೊಸದಾಗಿ ಬಂದ ದಿನ ಕ್ಯಾಬಿನ್ ಹತ್ತಿ ಒಳಗೆ ಪೂಜೆ ಮಾಡಲು ಹೋದೆ. ಡ್ರೈವರು, ನನ್ನ ಮಾವ, ಎಲ್ಲರೂ "ಹೆಣ್ಮಕ್ಕಳು ಲಾರಿ ಹತ್ತಬಾರದು, ಗಾಡಿಗೆ ಕೇಡು" ಎಂದು ನಿಲ್ಲಿಸಿದರು. ನಿನ್ನ ಕಾಕಾ ಕೆಳಗೆ ನೋಡುತ್ತಾ ನಿಂತಿದ್ದ. ನೆಲದ ಮೇಲೆ ನಿಂತು ಕೈಗೆ ಸಿಕ್ಕ ಜಾಗ ಅದೊಂದೇ. ಸಿಟ್ಟಿಗೆ ಅಲ್ಲೇ ಕಾಯಿ ಬಡಿದೆ. ಆಮೇಲೆ ಪ್ರತಿ ಅಮವಾಸ್ಯೆಗೂ ಅಲ್ಲೇ ಬಡಿದೆ. ಊರವರು ಭಕ್ತಿ ಎಂದರು. ಅದರಲ್ಲಿ ಅರ್ಧ ಭಕ್ತಿ, ಅರ್ಧ ಹಟ. ಲಾರಿಯ ದುಡಿಮೆ ಉಂಡೆ, ಲಾರಿ ನನ್ನ ಹೆಸರಿಗೂ ಆಯಿತು. ಒಂದು ದಿನವೂ ಅದರೊಳಗೆ ಕೂತಿಲ್ಲ. ಇದನ್ನು ನೀಲಾಗೂ ಹೇಳಿಲ್ಲ.

ಉಳಿ ಹಚ್ಚಬೇಡ, ಅಂಕಿ ಕಿತ್ತುಹೋದಾವು. ಅರಿವೆಯನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿ, ಒಂದು ದಿನ ಸುತ್ತಿಡು. ಮೆತ್ತಗಾದ ಮೇಲೆ ಕಟ್ಟಿಗೆಯ ಚಕ್ಕೆಯಿಂದ ತೆಗೆ. ಬೇರೆಯವರ ಕೈಯಿಂದ ತೆಗೆಸಬೇಡ. ನೀನೇ ತೆಗೆಯಬೇಕು, ಹಗಲಿನಲ್ಲಿ, ಅಂಗಡಿಯ ಮುಂದೆ, ಎಲ್ಲರೂ ನೋಡುವ ಹಾಗೆ. ವಿಡಿಯೋ ಮಾಡುವವರಿದ್ದರೆ ಮಾಡಲಿ, ಅವರ ಫೋನಿನ ಮುಂದೆ ಈ ಮುಂದಿನ ಸಾಲು ಹಿಡಿ:

ದುಂಡಸಿಯ ಕುಬೇರಪ್ಪನ ಹೆಂಡತಿ ಸುಶೀಲವ್ವ ಆದ ನಾನು ಹೇಳುತ್ತೇನೆ, ಕುಂಕುಮ ನನ್ನದು, ಲಾರಿ ನನ್ನದು, ಕೆರೆಯುವ ಹುಡುಗಿಯೂ ನನ್ನವಳು. ತಕರಾರಿದ್ದವರು ಇಚಲಕರಂಜಿಗೆ ಬಂದು ನನ್ನ ಮುಂದೆ ಮಾತಾಡಲಿ. ಜೋರಾಗಿ ಮಾತಾಡಬೇಕಾಗುತ್ತದೆ.

ಹಬ್ಬ ಹತ್ತಿರ ಬಂತು. ಓಡು.

ಸುಶೀಲವ್ವ


ಸವಣೂರು
9 ಅಕ್ಟೋಬರ್ 2024

ಅವ್ವಾರ,

ಪಾಸಿಂಗ್ ಆಯಿತು! ಪಾಸಿಂಗ್ ಆಯಿತು! ಮೊದಲು ಇದನ್ನು ಬರೆದುಬಿಟ್ಟೆ, ಉಳಿದದ್ದನ್ನು ನೀವು ಸಮಾಧಾನದಿಂದ ಓದಬಹುದು.

ನೀವು ಹೇಳಿದ ಹಾಗೇ ಮಾಡಿದೆ. ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿದು ಮಂದಿ ಹೊರಬರುವ ಹೊತ್ತಿಗೆ, ಬೀದಿಗೆ ಮುಖ ಮಾಡಿ ಕೂತೆ. ಮಂದಿ ಕೂಡಿದರು. ಎದುರು ಅಂಗಡಿಯವರೂ ಬಂದರು, ಖಾರದ ಅಂಗಡಿಯವರೂ ಬಂದರು. ಒಬ್ಬ ಫೋನು ಎತ್ತಿದ. ನಾನು ಮಾತಾಡುವ ಮೊದಲೇ ಗಿರಿಯಪ್ಪ ನಿಮ್ಮ ಕಾಗದ ಕಸಿದುಕೊಂಡು ಆ ಸಾಲುಗಳನ್ನು ಜೋರಾಗಿ ಓದಿದರು. "ಜೋರಾಗಿ ಮಾತಾಡಬೇಕಾಗುತ್ತದೆ" ಎನ್ನುವಾಗ ಎಲ್ಲರೂ ನಕ್ಕರು, ಫೋನಿನವನೂ ನಕ್ಕ. ಅನೀಸ ಚಾಚಾ ಮಾತ್ರ ನಗಲಿಲ್ಲ. ಒಳಗೆ ಹೋಗಿ, ಹಿತ್ತಾಳೆಯ ತಟ್ಟೆ ತಂದು, "ಕೆಳಗ ಬೀಳಸಬ್ಯಾಡ, ಇದರಾಗ ಹಾಕು" ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ತೆಗೆದ ಕುಂಕುಮವನ್ನೆಲ್ಲ ಗಿರಿಯಪ್ಪನ ತೋಟದ ಬಾವಿಯ ಬದುವಿನಲ್ಲಿ, ಯಾರೂ ತುಳಿಯದ ಜಾಗದಲ್ಲಿ ಇಟ್ಟಿದ್ದೇವೆ.

ಅಂಕಿಗಳು ಒಂದೊಂದೇ ಎದ್ದು ಬಂದವು. ಎಣ್ಣೆ ಕಬ್ಬಿಣವನ್ನು ತುಕ್ಕು ಹಿಡಿಯದಂತೆ ಕಾಯ್ದಿತ್ತು. ಕೊನೆಯದಕ್ಕೆ ಮಾತ್ರ ಕಾಯಿಯ ನೀರು ಇಳಿದು ಅರ್ಧ ತಿಂದಿತ್ತು. ಆರ್‌ಸಿಯಲ್ಲಿ ಎಂಟು. ಕಣ್ಣಿಗೆ ಮೂರು ಕಾಣುತ್ತದೆ.

ಗಾಡಿಯನ್ನು ಹಾಗೇ ಒಯ್ದೆ. ಇನ್ಸ್‌ಪೆಕ್ಟರು ಅಚ್ಚು ತೆಗೆದು, "ಇದು ಮೂರು" ಎಂದರು. "ಎಂಟು" ಎಂದೆ. "ನನಗ ಕಾಣೂದು ಮೂರು." ನನಗೆ ರೇಗಿತು. "ಕಾಣೂದು ಬಿಡ್ರಿ ಸಾಹೇಬ್ರ, ಬೆರಳು ಇಡ್ರಿ" ಎಂದೆ. ಅವರು ನನ್ನ ಮುಖ ನೋಡಿದರು. ಮೊಣಕಾಲೂರಿ ಕೂತು, ಕಣ್ಣು ಮುಚ್ಚಿಕೊಂಡು ಬೆರಳು ಆಡಿಸಿದರು. ಎಷ್ಟು ಹೊತ್ತು! ಆಮೇಲೆ ಮೊಬೈಲಿನ ಬೆಳಕನ್ನು ಪಕ್ಕದಿಂದ ಹಿಡಿದು ನೋಡಿದರು. ಸವೆದ ಕಡೆಯೂ ಗೀಟಿನ ನೆರಳು ಬಿತ್ತು. "ಎಂಟು" ಎಂದರು. ಫೋಟೋ ತೆಗೆದು, ದೊಡ್ಡ ಸಾಹೇಬರಿಗೆ ತೋರಿಸಿ ಬಂದು ಸಹಿ ಹಾಕಿದರು. ಹೊರಡುವಾಗ ಕೇಳಿದರು, "ನಮ್ಮ ಭಾವನದೊಂದು ಹಳೇ ಗಾಡಿ ಐತಿ, ಬಾಡಿ ಕಟ್ಟಿ ಕೊಡ್ತೀರೇನು?" ಅನೀಸ ಚಾಚಾ ನನಗಿಂತ ಮೊದಲು "ಕಟ್ತಾಳ್ರಿ, ತಾರೀಖು ನೋಡಿ ಹೇಳ್ತೇವಿ" ಎಂದರು!

ಹಬ್ಬ ಮುಗಿದ ಮೇಲೆ ಗಿರಿಯಪ್ಪನ ಎಲೆ ಹೇರಿ ಬೆಳಗಾವಿಗೆ ಹೋಗುತ್ತೇನೆ. ಅಲ್ಲಿಂದ ನಿಪ್ಪಾಣಿ ದೂರವಲ್ಲ. ಮಹಾರಾಷ್ಟ್ರದ ಗಡಿ ದಾಟಲು ಪರ್ಮಿಟ್ ಇನ್ನೂ ಇಲ್ಲ, ಇಲ್ಲದಿದ್ದರೆ ನಿಮ್ಮ ಬಾಗಿಲಿಗೇ ತರುತ್ತಿದ್ದೆ. ಬೆಳಗಾವಿಯಲ್ಲಿ ಎಲೆ ಇಳಿಸಿ, ಖಾಲಿ ಗಾಡಿ ನಿಪ್ಪಾಣಿಗೆ ತರುತ್ತೇನೆ. ನೀವು ನಿಧಾನವಾಗಿ ಬಂದು ನೋಡಿ ಹೋಗಿ.

ನಿಮ್ಮ
ಸುಮಯ್ಯ


ಇಚಲಕರಂಜಿ
15 ಅಕ್ಟೋಬರ್ 2024

ಚಿರಂಜೀವಿ ಸುಮಯ್ಯಾ,

ನಿನ್ನ ಕಾಗದವನ್ನು ಶರಣುವಿನ ಕೈಗೇ ಕೊಟ್ಟು ಓದು ಎಂದೆ. ಹಬ್ಬಕ್ಕೆ ಲಾರಿ ಕೇಳಲು ಬಂದವನು ಬನ್ನಿ ಎಲೆ ಕೊಟ್ಟು, ಕಾಲಿಗೆ ಬಿದ್ದು ಹೋದ.

ನಿಪ್ಪಾಣಿಯ ಸುದ್ದಿ ಹೇಳಿದೆ. ನೀಲಾ ಸ್ಲೇಟು ತಂದು ದೊಡ್ಡ ಅಕ್ಷರದಲ್ಲಿ ಬರೆದಳು: "ಈ ವಯಸ್ಸಿನ್ಯಾಗ ಲಾರಿ ನೋಡಾಕ ಹೋಗ್ತೀ ಏನು?" ನಾನು ಅದನ್ನು ಒರೆಸಿ ಬರೆದೆ: "ನೋಡಾಕ ಅಲ್ಲ, ಅದರಾಗ ಕೂಡಾಕ." ಅವಳು ಸ್ಲೇಟು ಗೋಡೆಗೆ ಆನಿಸಿ ಇಟ್ಟಳು. ಆಮೇಲೆ ನನ್ನ ಇಳಕಲ್ ಸೀರೆಗೆ ಇಸ್ತ್ರಿ ಹಾಕಿಸಲು ಹೋದಳು. ನನ್ನ ಜೊತೆ ನಿಪ್ಪಾಣಿಯ ಬಸ್ಸಿಗೆ ಅವಳೂ ಬರುತ್ತಾಳಂತೆ.

ಆದರೆ ಒಂದು ಮಾತು. ಖಾಲಿ ಗಾಡಿ ತರುತ್ತೇನೆ ಎಂದು ಬರೆದಿದ್ದೀಯ. ಖಾಲಿ ಲಾರಿಯನ್ನು ನಾನೇನು ಹೋಟೆಲಿನ ಮುಂದೆ ನೋಡಲು ಬರುತ್ತಿದ್ದೇನೆಯೇ? ಗಿರಿಯಪ್ಪನಿಗೆ ಹೇಳಿ ನಿಪ್ಪಾಣಿ ಪೇಟೆಗೂ ಎಲೆ ಹೇರಿಸು. ಬೆಳಗಾವಿಯದು ಇಳಿಸು, ನಿಪ್ಪಾಣಿಯದು ಇಳಿಸಬೇಡ. ಬಸ್ ಸ್ಟ್ಯಾಂಡಿನಿಂದ ಪೇಟೆಯ ತನಕ ನಾನು ಕ್ಯಾಬಿನ್ನಿನಲ್ಲಿ ಬರುತ್ತೇನೆ, ನೀನು ಓಡಿಸು.

ಹೇರಿದ ಲಾರಿ ತಾ. ಖಾಲಿ ತಂದರೆ ಬಂದ ಬಸ್ಸಿಗೇ ತಿರುಗಿ ಹತ್ತುತ್ತೇನೆ.

ಸುಶೀಲವ್ವ